ಇಂಗ್ಲಿಷ್ ಪದಜೋಡಿಗಳು: ಮಳೆ ಏಕೆ ‘ಬಿಗ್’ ಅಲ್ಲ, ‘ಹೆವಿ’?



ಸಂಜೆ ಆರು ಗಂಟೆಗೆ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಒಮ್ಮೆ ನಿಂತು ನೋಡಿ. ಮೈಸೂರು ರಸ್ತೆಯೂ ಹೊರ ವರ್ತುಲ ರಸ್ತೆಯೂ ಕೂಡುವ ಜಾಗ ಅದು. ಕೆಂಗೇರಿಯವರೆಗಿನ ಮೆಟ್ರೋ 2021ರ ಆಗಸ್ಟ್‌ನಲ್ಲಿ ಆರಂಭವಾಗಿ ಕಂಬಗಳ ಮೇಲೆ ಓಡುತ್ತಿದ್ದರೂ ಕೆಳಗೆ ಬಸ್ಸು, ಲಾರಿ, ಆಟೋಗಳಿಗೆ ಕೊರತೆಯಿಲ್ಲ. ಬಸ್ಸಿನಲ್ಲಿ ಸಿಕ್ಕಿಕೊಂಡವರು ಮನೆಗೆ ಫೋನ್ ಮಾಡಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ನಾಯಂಡಹಳ್ಳೀಲಿ ಹೆವಿ ಟ್ರಾಫಿಕ್, ಬರೋದು ಲೇಟಾಗತ್ತೆ.”

ಇಂಗ್ಲಿಷ್ ಓದದವರೂ ‘ಹೆವಿ ಟ್ರಾಫಿಕ್’ ಎನ್ನುತ್ತಾರೆ. ‘ಬಿಗ್ ಟ್ರಾಫಿಕ್’ ಎಂದು ಯಾರೂ ಹೇಳುವುದಿಲ್ಲ. ಹೋಟೆಲಿನಲ್ಲಿ ‘ಸ್ಟ್ರಾಂಗ್ ಕಾಫಿ’ ಕೇಳುತ್ತಾರೆಯೇ ಹೊರತು ‘ಪವರ್‌ಫುಲ್ ಕಾಫಿ’ ಕೇಳುವುದಿಲ್ಲ. ಆದರೆ ಲಾರಿಯ ಎಂಜಿನ್ ಮಾತ್ರ ‘ಪವರ್‌ಫುಲ್’. ಈ ಜೋಡಿಗಳನ್ನು ಯಾವ ಮೇಷ್ಟರೂ ಪಾಠ ಮಾಡಿ ಕಲಿಸಿದ್ದಲ್ಲ. ಕೇಳಿ ಕೇಳಿ ನಾಲಿಗೆಗೆ ಬಂದದ್ದು. ಈ ಬಾರಿಯ ಮಾತುಕತೆಯ ವಿಷಯ ಇದೇ: ಇಂಗ್ಲಿಷಿನಲ್ಲಿ ಯಾವ ಪದಕ್ಕೆ ಯಾವ ಪದ ಜೊತೆ? ಭಾಷಾಶಾಸ್ತ್ರದಲ್ಲಿ ಇದಕ್ಕೆ ‘ಕಾಲೊಕೇಷನ್’ ಎಂಬ ಹೆಸರಿದೆ. ನಾವು ಸರಳವಾಗಿ ಪದಜೋಡಿ ಎನ್ನೋಣ.

ಒಂದು ಸೂಚನೆ. ಇಂಗ್ಲಿಷ್ ಪದಗಳನ್ನು ಕಿವಿಗೆ ಬೀಳುವಂತೆ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ನಿಮ್ಮ ನೋಟುಬುಕ್ಕಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ. ಅದೇ ಮೊದಲ ಅಭ್ಯಾಸ.

ಒಂದು ಧ್ವನಿಮುದ್ರಣದ ಕಥೆ

ನಾನು ಈ ಕೆಲಸಕ್ಕೆ ಹೊಸಬನಾಗಿದ್ದ ಕಾಲದಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ತಮ್ಮ ಬಡಾವಣೆಯ ಬಗ್ಗೆ ಇಂಗ್ಲಿಷಿನಲ್ಲಿ ಎರಡೆರಡು ನಿಮಿಷ ಮಾತನಾಡಿಸಿ ಮುದ್ರಿಸಿಕೊಳ್ಳುತ್ತಿದ್ದೆವು. ನಾಯಂಡಹಳ್ಳಿಯ ಒಬ್ಬ ವಿದ್ಯಾರ್ಥಿನಿ ಬಂದಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಮನೆ ವೃಷಭಾವತಿಯ ದಂಡೆಗೆ ಹತ್ತಿರ. ನದಿಯ ಕೊಳಕು ನೀರು ಒಂದು ರಾತ್ರಿ ಮನೆಯೊಳಗೆ ನುಗ್ಗಿದ ಸಂಗತಿಯನ್ನು ಆಕೆ ಹೇಳತೊಡಗಿದಳು:

‘ಎ ಬಿಗ್ ರೈನ್ ಕೇಮ್. ದಿ ರಿವರ್ ಡಿಡ್ ಎ ಬಿಗ್ ನಾಯ್ಸ್. ಮೈ ಫಾದರ್ ಪುಟ್ ದಿ ಲಾಕ್ ಅಂಡ್ ವಿ ವೆಂಟ್ ಟು ಮೈ ಆಂಟ್ಸ್ ಹೌಸ್. ವಿ ಗೇವ್ ಎ ಕಂಪ್ಲೇಂಟ್. ನೋಬಡಿ ಗೇವ್ ಅಟೆನ್ಷನ್.’

‘ಬಿಗ್ ರೈನ್’ ಎಂದಾಗಲೇ ಸರದಿಗೆ ಕಾದಿದ್ದ ಹುಡುಗರು ಕಿಸಕ್ಕೆಂದರು. ಐದನೆಯ ವಾಕ್ಯದ ಹೊತ್ತಿಗೆ ಆಕೆಯ ಧ್ವನಿ ಉಡುಗಿತು. ಆಮೇಲೆ ಮಾತು ಬರಲಿಲ್ಲ. ಸಂಕಲನ ಮಾಡುವಾಗ ಆ ಭಾಗವನ್ನು ನಾನೇ ಕತ್ತರಿಸಿದೆ. “ಭಾಷೆ ಸರಿಯಿಲ್ಲ” ಎಂಬುದು ಅಂದು ನಾನು ಕೊಟ್ಟುಕೊಂಡ ಕಾರಣ. ಆ ದಿನ ಮಾತನಾಡಿದವರಲ್ಲಿ ಹೇಳಲೇಬೇಕಾದ ವಿಷಯವಿದ್ದದ್ದು ಆಕೆಯೊಬ್ಬಳಿಗೇ ಎಂದು ಹೊಳೆದದ್ದು ಎಷ್ಟೋ ದಿನಗಳ ನಂತರ. ಆ ಐದು ವಾಕ್ಯಗಳನ್ನು ಮರೆಯಬೇಡಿ. ಲೇಖನದ ಕೊನೆಯಲ್ಲಿ ನಾವು ಅವಕ್ಕೆ ಮರಳಿ ಬರುತ್ತೇವೆ.

ಆಕೆಯ ವಾಕ್ಯಗಳನ್ನು ಒಮ್ಮೆ ಪರೀಕ್ಷಿಸಿ. ಕರ್ತೃ, ಕ್ರಿಯಾಪದ, ಕಾಲ ಎಲ್ಲವೂ ಸರಿಯಾಗಿವೆ. ವ್ಯಾಕರಣದ ದೃಷ್ಟಿಯಿಂದ ‘ಬಿಗ್ ರೈನ್’ ತಪ್ಪಲ್ಲ. ವಿಶೇಷಣವಿದೆ, ನಾಮಪದವಿದೆ. ಹಾಗಾದರೆ ತಪ್ಪಿದ್ದು ಏನು? ಜೋಡಿ.

ಕನ್ನಡದಲ್ಲೂ ಇದೇ ಕಥೆ

ಇದು ಇಂಗ್ಲಿಷಿನ ವಿಚಿತ್ರ ಗುಣವೆಂದು ತಿಳಿಯಬೇಡಿ. ನಮ್ಮ ಭಾಷೆಯನ್ನೇ ನೋಡಿ. ನಾವು ಸೀರೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಬಳೆ ತೊಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಕನ್ನಡಕ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಈ ಐದಕ್ಕೂ ‘ವೇರ್’ ಎಂಬ ಒಂದೇ ಕ್ರಿಯಾಪದ ಸಾಕು. ಕನ್ನಡ ಕಲಿಯುವ ಒಬ್ಬ ವಿದೇಶೀಯ “ಅವಳು ಹೂ ಉಟ್ಟಿದ್ದಾಳೆ” ಎಂದರೆ ನಮಗೆ ನಗು ಬರುತ್ತದೆ. ಆದರೆ ಆತ ದಡ್ಡನಲ್ಲ. ತನ್ನ ಭಾಷೆಯ ಲೆಕ್ಕವನ್ನು ನಮ್ಮ ಭಾಷೆಗೆ ತಂದಿದ್ದಾನೆ, ಅಷ್ಟೆ. ‘ಬಿಗ್ ರೈನ್’ ಎಂದ ವಿದ್ಯಾರ್ಥಿನಿ ಮಾಡಿದ್ದೂ ಅದನ್ನೇ. ‘ದೊಡ್ಡ ಮಳೆ’ ಎಂಬ ಕನ್ನಡದ ಲೆಕ್ಕವನ್ನು ಇಂಗ್ಲಿಷಿಗೆ ಒಯ್ದಿದ್ದಳು.

ಹಾಗೆಯೇ ಬಾವಿಯಿಂದ ನೀರು ಸೇದುತ್ತೇವೆ, ಹಸುವಿನ ಹಾಲು ಕರೆಯುತ್ತೇವೆ, ತೇರು ಎಳೆಯುತ್ತೇವೆ. ಹಾಲನ್ನು ಸೇದುವುದಿಲ್ಲ. ನೀರನ್ನು ಕರೆಯುವುದಿಲ್ಲ. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಅವರು ಪದದ ಅರ್ಥವನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. ಆ ಪದ ಬರುವ ಗಾದೆಗಳನ್ನೂ ಪ್ರಯೋಗಗಳನ್ನೂ ಜೊತೆಗಿಟ್ಟರು. ಹೊರಗಿನಿಂದ ಬಂದು ಭಾಷೆ ಕಲಿತವರಿಗೆ ಇದರ ಅಗತ್ಯ ಚೆನ್ನಾಗಿ ಗೊತ್ತಿರುತ್ತದೆ.

ಪದಗಳ ಸಹವಾಸವನ್ನು ಗುರುತಿಸಿದವರು

ಇಂಗ್ಲಿಷ್ ಪದಜೋಡಿಗಳ ಅಧ್ಯಯನಕ್ಕೂ ಏಷ್ಯಾದ ತರಗತಿಗಳಿಗೂ ಹತ್ತಿರದ ನಂಟಿದೆ. ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷ್ ಶಿಕ್ಷಣತಜ್ಞ 1922ರಲ್ಲಿ ಜಪಾನಿಗೆ ಹೋದರು. ಅಲ್ಲಿನ ವಿದ್ಯಾರ್ಥಿಗಳಿಗೆ ಬಿಡಿ ಪದಗಳಿಗಿಂತ ಜೋಡಿಗಳೇ ಹೆಚ್ಚು ತೊಡಕಾಗುವುದನ್ನು ಕಂಡು ಅವುಗಳನ್ನು ಸಂಗ್ರಹಿಸಿ 1933ರಲ್ಲಿ ಟೋಕಿಯೊದಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಅವರ ಜೊತೆ ದುಡಿದ ಎ. ಎಸ್. ಹಾರ್ನ್‌ಬಿ 1942ರಲ್ಲಿ ಅದೇ ಊರಿನಲ್ಲಿ ಕಲಿಯುವವರಿಗೆಂದೇ ಒಂದು ನಿಘಂಟನ್ನು ಹೊರತಂದರು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಪ್ರಕಟಿಸಿತು. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ.

ಇನ್ನೊಬ್ಬರು ಜೆ. ಆರ್. ಫರ್ತ್. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ 1919ರಿಂದ 1928ರವರೆಗೆ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಮುಂದೆ ಲಂಡನ್ನಿನಲ್ಲಿ ಹೆಸರಾಂತ ಭಾಷಾವಿಜ್ಞಾನಿಯಾದರು. ಒಂದು ಪದ ಯಾವ ಪದಗಳ ಜೊತೆ ಓಡಾಡುತ್ತದೆ ಎಂಬುದೂ ಅದರ ಅರ್ಥದ ಭಾಗವೇ ಎಂಬುದು ಅವರ ವಾದ. ‘ಕಾಲೊಕೇಷನ್’ ಎಂಬ ಪದ ಈ ಶಾಸ್ತ್ರದಲ್ಲಿ ನೆಲೆಯೂರಿದ್ದು 1950ರ ದಶಕದಲ್ಲಿ, ಅವರ ಬರಹಗಳಿಂದ.

ಇಷ್ಟು ದೂರ ಹೋಗುವುದೂ ಬೇಡ. ನಾಯಂಡಹಳ್ಳಿಯಿಂದ ಮೆಟ್ರೋದಲ್ಲಿ ಎರಡು ನಿಲ್ದಾಣ ಮುಂದೆ ಹೋದರೆ ಜ್ಞಾನಭಾರತಿ. ಅಲ್ಲಿನ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮುಖ್ಯ ಕೆಲಸ, ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯಲ್ಲಿ ತರಬೇತಿ ಕೊಡುವುದು. ಆ ಆವರಣ ಬೆಂಗಳೂರು ವಿಶ್ವವಿದ್ಯಾಲಯದ್ದು. ಆ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರಲ್ಲಿ ಒಬ್ಬರು ವಿ. ಕೃ. ಗೋಕಾಕರು. ಅದಕ್ಕೆ ಮೊದಲು ಅವರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರು. ಕನ್ನಡದ ದೊಡ್ಡ ಕವಿಯೇ ಇಂಗ್ಲಿಷ್ ಬೋಧನೆಯ ಸಂಸ್ಥೆಯನ್ನು ನಡೆಸಿದರು ಎಂಬುದನ್ನು ನೆನಪಿಡಿ. ಒಂದು ಭಾಷೆ ಚೆನ್ನಾಗಿ ಬರಬೇಕಾದರೆ ಇನ್ನೊಂದನ್ನು ಬಿಡಬೇಕಾಗಿಲ್ಲ.

ಒಂದು ‘ಜೋರು’, ಹಲವು ಪದ

ಈಗ ಕೆಲಸಕ್ಕೆ ಇಳಿಯೋಣ. ಕನ್ನಡದ ‘ಜೋರು’ ಎಂಬ ಪದವನ್ನು ತೆಗೆದುಕೊಳ್ಳಿ. ಎಲ್ಲಕ್ಕೂ ಒಗ್ಗುವ ಪದ ಅದು. ಇಂಗ್ಲಿಷಿನಲ್ಲಿ ಮಾತ್ರ ಅದರ ಜಾಗಕ್ಕೆ ಬೇರೆ ಬೇರೆ ಪದಗಳು ಬರುತ್ತವೆ.

ಜೋರು ಮಳೆ — ಹೆವಿ ರೈನ್.
ಜೋರು ಗಾಳಿ — ಸ್ಟ್ರಾಂಗ್ ವಿಂಡ್.
ಜೋರು ಜ್ವರ — ಹೈ ಫೀವರ್.
ಜೋರು ಧ್ವನಿ — ಲೌಡ್ ವಾಯ್ಸ್.
ಜೋರು ತಲೆನೋವು — ಬ್ಯಾಡ್ ಹೆಡೇಕ್ ಅಥವಾ ಸಿವಿಯರ್ ಹೆಡೇಕ್.

ವಾಕ್ಯದಲ್ಲಿ ಹೀಗೆ: ‘ದೇರ್ ವಾಸ್ ಹೆವಿ ರೈನ್ ಲಾಸ್ಟ್ ನೈಟ್.’ ‘ಎ ಸ್ಟ್ರಾಂಗ್ ವಿಂಡ್ ಬ್ಲೂ ದಿ ಶೀಟ್ಸ್ ಅವೇ.’ ‘ಮೈ ಬ್ರದರ್ ಹ್ಯಾಸ್ ಎ ಹೈ ಫೀವರ್.’

ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’ ಏಕೆ? ವಿಜ್ಞಾನ ಓದಿದ ನನಗೆ ಇದಕ್ಕೆ ಕಾರಣ ಹುಡುಕುವ ಚಟ ಬಹಳ ದಿನ ಇತ್ತು. ಸೋಡಿಯಂ ಪರಮಾಣು ಕ್ಲೋರಿನ್ ಪರಮಾಣುವಿನೊಡನೆ ಒಂದಕ್ಕೆ ಒಂದರಂತೆ ಕೂಡಿ ಉಪ್ಪಾಗುತ್ತದೆ. ಹಾಗೇಕೆ ಎಂಬುದಕ್ಕೆ ಹೊರಕವಚದ ಎಲೆಕ್ಟ್ರಾನುಗಳಲ್ಲಿ ಉತ್ತರವಿದೆ. ಪದಗಳಿಗೂ ಒಂದು ಬಗೆಯ ವೇಲೆನ್ಸಿ ಇದೆ ಎನ್ನಬಹುದು. ಆದರೆ ಅದರ ಹಿಂದೆ ಎಲೆಕ್ಟ್ರಾನುಗಳಿಲ್ಲ, ರೂಢಿ ಇದೆ. ತಲೆಮಾರುಗಳಿಂದ ಜನ ಹಾಗೆ ಹೇಳುತ್ತ ಬಂದಿದ್ದಾರೆ, ಅಷ್ಟೇ ಕಾರಣ. ಆದ್ದರಿಂದ ಇಲ್ಲಿ ತರ್ಕಕ್ಕಿಂತ ಕಿವಿ ಹೆಚ್ಚು ಉಪಯುಕ್ತ.

‘ಮಾಡು’, ‘ಕೊಡು’, ‘ಹಾಕು’

ಕನ್ನಡದವರು ಹೆಚ್ಚು ಎಡವುವುದು ಕ್ರಿಯಾಪದಗಳಲ್ಲಿ. ನಮ್ಮ ‘ಮಾಡು’ ಎಂಬ ಒಂದು ಕ್ರಿಯಾಪದಕ್ಕೆ ಇಂಗ್ಲಿಷಿನಲ್ಲಿ ‘ಡೂ’, ‘ಮೇಕ್’ ಎಂಬ ಎರಡಿವೆ. ಸ್ಥೂಲವಾಗಿ ಒಂದು ಗುರುತು ಹೇಳಬಹುದು. ಕೆಲಸ ಅಥವಾ ಚಟುವಟಿಕೆಯ ಕಡೆ ಗಮನವಿದ್ದರೆ ‘ಡೂ’: ಡೂ ಹೋಂವರ್ಕ್, ಡೂ ಎಕ್ಸರ್‌ಸೈಜ್, ಡೂ ಯುವರ್ ಡ್ಯೂಟಿ, ಡೂ ಯುವರ್ ಬೆಸ್ಟ್. ಮೊದಲಿಲ್ಲದ ಒಂದು ವಸ್ತು ಅಥವಾ ಫಲ ಹುಟ್ಟಿದರೆ ‘ಮೇಕ್’: ಮೇಕ್ ಎ ಮಿಸ್ಟೇಕ್, ಮೇಕ್ ಎ ಡಿಸಿಷನ್, ಮೇಕ್ ಎ ಪ್ಲಾನ್, ಮೇಕ್ ಎ ನಾಯ್ಸ್. ಇದು ಗುರುತೇ ಹೊರತು ನಿಯಮವಲ್ಲ. ಏಕೆಂದರೆ ಅಪರಾಧ ಮಾಡುವುದು ಇವೆರಡೂ ಅಲ್ಲ, ‘ಕಮಿಟ್ ಎ ಕ್ರೈಮ್’. ಊಟ ಮಾಡುವುದು ‘ಹ್ಯಾವ್ ಲಂಚ್’. ಸ್ನಾನ ಮಾಡುವುದು ‘ಹ್ಯಾವ್ ಎ ಬಾತ್’ ಅಥವಾ ‘ಟೇಕ್ ಎ ಬಾತ್’.

‘ಕೊಡು’ ಎಂಬುದನ್ನು ನೋಡಿ. ಉತ್ತರ ಕೊಡುವುದು ‘ಗಿವ್ ಎನ್ ಆನ್ಸರ್’. ಇಲ್ಲಿ ಎರಡು ಭಾಷೆಗಳೂ ಒಂದೇ ದಾರಿಯಲ್ಲಿವೆ. ಆದರೆ ಗಮನ ಕೊಡುವುದು ‘ಪೇ ಅಟೆನ್ಷನ್’, ಭೇಟಿ ಕೊಡುವುದು ‘ಪೇ ಎ ವಿಸಿಟ್’, ದೂರು ಕೊಡುವುದು ‘ಮೇಕ್ ಎ ಕಂಪ್ಲೇಂಟ್’. ಗಮನಕ್ಕೂ ಭೇಟಿಗೂ ಇಂಗ್ಲಿಷರು ಹಣ ಪಾವತಿ ಮಾಡುವ ಕ್ರಿಯಾಪದವನ್ನೇ ಬಳಸುತ್ತಾರೆ ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ.

‘ಹಾಕು’ ಇನ್ನೂ ಮೋಜಿನದು. ಲೈಟ್ ಹಾಕುವುದು ‘ಸ್ವಿಚ್ ಆನ್ ದಿ ಲೈಟ್’. ಬ್ರೇಕ್ ಹಾಕುವುದು ‘ಅಪ್ಲೈ ದಿ ಬ್ರೇಕ್ಸ್’. ಓಟು ಹಾಕುವುದು ‘ಕಾಸ್ಟ್ ಎ ವೋಟ್’. ಅರ್ಜಿ ಹಾಕುವುದು ‘ಸಬ್ಮಿಟ್ ಎನ್ ಅಪ್ಲಿಕೇಷನ್’. ಬೀಗ ಹಾಕುವುದಕ್ಕೆ ಜೋಡಿಯೇ ಬೇಡ. ‘ಲಾಕ್ ದಿ ಡೋರ್’ ಎಂದರೆ ಮುಗಿಯಿತು. ಸಹಿ ಹಾಕುವುದೂ ಹಾಗೆಯೇ: ‘ಸೈನ್ ದಿ ಫಾರ್ಮ್’.

ಕೆಲವೆಡೆ ಇಡೀ ದೃಷ್ಟಿಯೇ ತಿರುಗುಮುರುಗು. ಕನ್ನಡದಲ್ಲಿ ನೆಗಡಿ ನಮ್ಮನ್ನು ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ನಾವೇ ನೆಗಡಿಯನ್ನು ಹಿಡಿಯುತ್ತೇವೆ: ‘ಐ ಕಾಟ್ ಎ ಕೋಲ್ಡ್.’ ಕನ್ನಡದಲ್ಲಿ ಕನಸು ಬೀಳುತ್ತದೆ, ಅಥವಾ ಕನಸು ಕಾಣುತ್ತೇವೆ. ಇಂಗ್ಲಿಷಿನಲ್ಲಿ ‘ಐ ಸಾ ಎ ಡ್ರೀಮ್’ ಎನ್ನುವುದು ರೂಢಿಯಲ್ಲ. ‘ಐ ಹ್ಯಾಡ್ ಎ ಡ್ರೀಮ್’ ಎನ್ನಬೇಕು.

‘ಐ ವ್ರೋಟ್ ದಿ ಎಕ್ಸಾಮ್’ ಎಂಬುದು ಸರಿಯೋ ತಪ್ಪೋ ಎಂದು ನೀವು ಕೇಳಬಹುದು. ‘ಪರೀಕ್ಷೆ ಬರೆದೆ’ ಎಂಬ ನಮ್ಮ ಮಾತಿಗೆ ಹೊಂದುವ ಈ ಜೋಡಿ ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಬ್ರಿಟನ್ನಿನಲ್ಲಿ ‘ಟೇಕ್’ ಅಥವಾ ‘ಸಿಟ್’ ಎನ್ನುತ್ತಾರೆ. ಬೆಂಗಳೂರಿನ ‘ಡೂ ಒನ್ ಥಿಂಗ್’ ಕೂಡ ಹೀಗೆಯೇ, “ಒಂದು ಕೆಲಸ ಮಾಡಿ” ಎಂಬ ಕನ್ನಡದ ಮಾತಿನ ನೆರಳು. ಸ್ನೇಹಿತರೊಡನೆ ಇವುಗಳಿಂದ ಏನೂ ತೊಂದರೆಯಿಲ್ಲ. ಸಂದರ್ಶನಕ್ಕೆ ಹೋದಾಗ, ಹೊರದೇಶದವರಿಗೆ ಪತ್ರ ಬರೆಯುವಾಗ ಎಚ್ಚರವಿದ್ದರೆ ಸಾಕು.

ಮೊದಲು ಯಾವುದು, ಆಮೇಲೆ ಯಾವುದು?

ಇನ್ನೊಂದು ಬಗೆಯ ಜೋಡಿ ನಿಮಗೆ ಕನ್ನಡ ವ್ಯಾಕರಣದ ತರಗತಿಯಿಂದಲೇ ಪರಿಚಿತ. ಮನೆಮಠ, ಹೊಲಗದ್ದೆ, ಬಂಧುಬಳಗ ಎಂಬ ಜೋಡುನುಡಿಗಳು. ಇವುಗಳ ಕ್ರಮವನ್ನು ಬದಲಿಸುವಂತಿಲ್ಲ. ‘ಮಠಮನೆ’ ಎಂದರೆ ಕಿವಿ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲೂ ‘ಬ್ರೆಡ್ ಅಂಡ್ ಬಟರ್’, ‘ಸೇಫ್ ಅಂಡ್ ಸೌಂಡ್’, ‘ಬ್ಲ್ಯಾಕ್ ಅಂಡ್ ವೈಟ್’, ‘ಪ್ರೋಸ್ ಅಂಡ್ ಕಾನ್ಸ್’ ಹೀಗೆ ಕ್ರಮ ಗಟ್ಟಿಯಾದ ಜೋಡಿಗಳು. ‘ದಿ ಚಿಲ್ಡ್ರನ್ ರೀಚ್ಡ್ ಹೋಮ್ ಸೇಫ್ ಅಂಡ್ ಸೌಂಡ್’ ಎಂದರೆ ಮಕ್ಕಳು ಕ್ಷೇಮವಾಗಿ ಮನೆ ಸೇರಿದರು ಎಂದರ್ಥ.

ಇಲ್ಲಿ ಒಂದು ಸ್ವಾರಸ್ಯವಿದೆ. ನಾವು ‘ಅಲ್ಲಿ ಇಲ್ಲಿ’ ಎನ್ನುತ್ತೇವೆ, ‘ಅದು ಇದು’ ಎನ್ನುತ್ತೇವೆ. ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಇಂಗ್ಲಿಷಿನಲ್ಲಿ ‘ಹಿಯರ್ ಅಂಡ್ ದೇರ್’, ‘ದಿಸ್ ಅಂಡ್ ದಟ್’, ‘ನೌ ಅಂಡ್ ದೆನ್’. ಹತ್ತಿರದ್ದು ಮೊದಲು, ದೂರದ್ದು ಆಮೇಲೆ. ಕನ್ನಡದಿಂದ ಪದಕ್ಕೆ ಪದ ಸೇರಿಸಿ ‘ದೇರ್ ಅಂಡ್ ಹಿಯರ್’ ಎಂದರೆ ಅರ್ಥವೇನೋ ಆಗುತ್ತದೆ, ಜೋಡಿ ಮಾತ್ರ ಕೂಡುವುದಿಲ್ಲ.

ಕಲಿಯುವ ವಿಧಾನ

ಇಷ್ಟೆಲ್ಲ ಜೋಡಿಗಳನ್ನು ಬಾಯಿಪಾಠ ಮಾಡಬೇಕೇ ಎಂದು ಗಾಬರಿಯಾಗಬೇಡಿ. ನಾಲ್ಕು ಸಣ್ಣ ಅಭ್ಯಾಸಗಳು ಸಾಕು.

ಒಂದು: ಹೊಸ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ‘ಡಿಸಿಷನ್ ಎಂದರೆ ನಿರ್ಧಾರ’ ಎಂದು ಬರೆಯುವ ಬದಲು ‘ಮೇಕ್ ಎ ಡಿಸಿಷನ್ ಎಂದರೆ ನಿರ್ಧಾರ ಮಾಡು’ ಎಂದು ಬರೆಯಿರಿ. ಶ್ರಮ ಎರಡೇ ಪದದಷ್ಟು ಹೆಚ್ಚು, ಲಾಭ ಇಡೀ ವಾಕ್ಯದ್ದು.

ಎರಡು: ನಿಘಂಟು ತೆರೆದಾಗ ಅರ್ಥ ಸಿಕ್ಕಿತೆಂದು ಮುಚ್ಚಬೇಡಿ. ಕೆಳಗಿರುವ ಉದಾಹರಣೆ ವಾಕ್ಯವನ್ನೂ ಓದಿ. ಪದದ ಜೊತೆಗಾರರು ಇರುವುದು ಅಲ್ಲಿಯೇ. ಪದಜೋಡಿಗಳಿಗೆಂದೇ ಆಕ್ಸ್‌ಫರ್ಡ್ 2002ರಲ್ಲಿ ವಿದ್ಯಾರ್ಥಿಗಳ ನಿಘಂಟೊಂದನ್ನು ತಂದಿದೆ. ಗ್ರಂಥಾಲಯದಲ್ಲಿದ್ದರೆ ಕೇಳಿ ನೋಡಿ.

ಮೂರು: ಇಂಗ್ಲಿಷ್ ವಾರ್ತೆ ಕೇಳುವಾಗ ಅಥವಾ ಪತ್ರಿಕೆ ಓದುವಾಗ ದಿನಕ್ಕೆ ಎರಡು ಜೋಡಿ ಹೆಕ್ಕಿ. ವರ್ಷಕ್ಕೆ ಏಳುನೂರ ಮೂವತ್ತು ಜೋಡಿಗಳಾದವು. ಹವಾಮಾನದ ಸುದ್ದಿಯೊಂದರಲ್ಲೇ ನಾಲ್ಕೈದು ಸಿಗುತ್ತವೆ.

ನಾಲ್ಕು: ಹೆಕ್ಕಿದ ಜೋಡಿಯನ್ನು ನಿಮ್ಮ ಜೀವನದ ಒಂದು ನಿಜವಾದ ವಾಕ್ಯದಲ್ಲಿ ಬಳಸಿ. ನಿಮ್ಮ ಮನೆ, ನಿಮ್ಮ ಬಸ್ಸು, ನಿಮ್ಮ ಪರೀಕ್ಷೆಯ ಬಗ್ಗೆ ಬರೆಯಿರಿ. ಪುಸ್ತಕದ ವಾಕ್ಯ ಮರೆತುಹೋಗಬಹುದು, ಸ್ವಂತದ್ದು ಮರೆಯುವುದಿಲ್ಲ.

ಈಗ ಆ ಐದು ವಾಕ್ಯಗಳು

ನಾಯಂಡಹಳ್ಳಿಯ ವಿದ್ಯಾರ್ಥಿನಿಯ ವಾಕ್ಯಗಳಿಗೆ ಮರಳೋಣ. ಕೆಳಗಿನ ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಮೊದಲು ನೀವೇ ತಿದ್ದಲು ಪ್ರಯತ್ನಿಸಿ. ಬೇಕಾದುದೆಲ್ಲ ಈ ಲೇಖನದಲ್ಲೇ ಇದೆ.

1. ‘ಎ ಬಿಗ್ ರೈನ್ ಕೇಮ್’ — ‘ದೇರ್ ವಾಸ್ ಹೆವಿ ರೈನ್.’
2. ‘ದಿ ರಿವರ್ ಡಿಡ್ ಎ ಬಿಗ್ ನಾಯ್ಸ್’ — ‘ದಿ ರಿವರ್ ಮೇಡ್ ಎ ಲೌಡ್ ನಾಯ್ಸ್.’
3. ‘ಮೈ ಫಾದರ್ ಪುಟ್ ದಿ ಲಾಕ್’ — ‘ಮೈ ಫಾದರ್ ಲಾಕ್ಡ್ ದಿ ಡೋರ್.’ ಉಳಿದ ಭಾಗ ಹಾಗೆಯೇ ಇರಲಿ, ಅದು ಸರಿಯಾಗಿದೆ.
4. ‘ವಿ ಗೇವ್ ಎ ಕಂಪ್ಲೇಂಟ್’ — ‘ವಿ ಮೇಡ್ ಎ ಕಂಪ್ಲೇಂಟ್.’
5. ‘ನೋಬಡಿ ಗೇವ್ ಅಟೆನ್ಷನ್’ — ‘ನೋಬಡಿ ಪೇಡ್ ಅಟೆನ್ಷನ್.’

ನೋಡಿದಿರಾ? ಪ್ರತಿ ವಾಕ್ಯದಲ್ಲಿ ಬದಲಾದದ್ದು ಕೆಲವೇ ಪದ. ಅಂದು ಧ್ವನಿಮುದ್ರಣ ನಿಲ್ಲಿಸಿ, ಆಕೆಯ ಪಕ್ಕ ಕುಳಿತು ಈ ಐದು ಜೋಡಿಗಳನ್ನು ಹೇಳಿಕೊಟ್ಟಿದ್ದರೆ ಹತ್ತು ನಿಮಿಷ ಹಿಡಿಯುತ್ತಿತ್ತು. ನದಿಯ ನೀರು ಮನೆಗೆ ನುಗ್ಗಿದ ಸಂಗತಿಯನ್ನು ನಾಡಿನ ಜನ ಆಕೆಯ ಬಾಯಿಂದಲೇ ಕೇಳುತ್ತಿದ್ದರು. ಆ ಹತ್ತು ನಿಮಿಷವನ್ನು ನಾನು ಕೊಡಲಿಲ್ಲ. ಐದನೆಯ ವಾಕ್ಯದಲ್ಲಿ ಆಕೆ ದೂರಿದ ‘ನೋಬಡಿ’ಗಳ ಸಾಲಿಗೆ ನಾನೂ ಸೇರಿದೆ.

ಆದ್ದರಿಂದ ಈ ಪಾಠದಲ್ಲಿ ಎರಡು ಭಾಗಗಳಿವೆ. ಮಾತನಾಡುವವರಿಗೆ: ಪದವನ್ನು ಜೋಡಿಯೊಂದಿಗೆ ಕಲಿಯಿರಿ. ಆದರೆ ಜೋಡಿ ತಪ್ಪೀತೆಂಬ ಅಂಜಿಕೆಯಿಂದ ಹೇಳಬೇಕಾದುದನ್ನು ನುಂಗಬೇಡಿ. ಕೇಳುವವರಿಗೆ: ತರಗತಿಯಲ್ಲಿ ಪಕ್ಕದವರು ‘ಬಿಗ್ ರೈನ್’ ಎಂದರೆ ನಗಬೇಡಿ. ಮಳೆಯಿಂದ ಏನಾಯಿತು ಎಂಬುದನ್ನು ಪೂರ್ತಿ ಕೇಳಿ. ‘ಹೆವಿ ರೈನ್’ ಎನ್ನುತ್ತಾರೆ ಎಂದು ಆಮೇಲೆ ಮೆಲ್ಲಗೆ ಹೇಳಿಕೊಡಿ.

ನಿಮ್ಮ ಬಡಾವಣೆಯ ಬಗ್ಗೆ ಐದು ಇಂಗ್ಲಿಷ್ ವಾಕ್ಯಗಳನ್ನು, ಇಲ್ಲಿ ಕಲಿತ ಐದು ಜೋಡಿಗಳನ್ನು ಬಳಸಿ ಇಂದೇ ಬರೆಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ, ಸ್ನೇಹಿತರೊಬ್ಬರಿಗೆ ಕೇಳಿಸಿ. ಅವರು ಬರೆದದ್ದನ್ನು ನೀವೂ ಕೊನೆಯವರೆಗೆ ಕೇಳಿ.